ಅಡಿಕೆ ತೋಟಕ್ಕೆ ಬೋಲ್ಟ್ ಆಕ್ಷನ್ ರೈಫಲ್: ಕೊಟ್ಟ ದುಡ್ಡಿಗೆ ತಕ್ಕದ್ದೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು. ನಾಲ್ಕು ಎಕರೆ ಅಡಿಕೆ, ಅದರ ಕೆಳಗೆ ಒಂದೂವರೆ ಎಕರೆ ಗದ್ದೆ. ಮೂರು ಕಡೆ ಕಾನು, ಒಂದು ಕಡೆ ರಸ್ತೆ, ಹಳ್ಳದ ಆಚೆ ಎರಡು ಮನೆ. ಭತ್ತ ಹಾಲು ತುಂಬುವ ಹೊತ್ತಿಗೆ ಹಂದಿ ಇಳಿಯುತ್ತವೆ, ಬಾಳೆಗೂ ಎಳೆ ಅಡಿಕೆ ಸಸಿಗೂ ಕಾಟಿ (ಕಾಡುಕೋಣ) ಬರುತ್ತವೆ. ಅಜ್ಜನ ಕಾಲದ ಕೇಪಿನ ಕೋವಿ ಒಂದು, ಅಪ್ಪನಿಂದ ಬಂದ ಹನ್ನೆರಡು ಬೋರಿನ ಜೋಡಿ ನಳಿಗೆ ಕೋವಿ ಒಂದು ಇವೆ. ಎರಡೂ ಬೆಳೆ ರಕ್ಷಣೆಯ ಲೈಸೆನ್ಸ್. ಜೋಡಿ ನಳಿಗೆ ಮಾರಿ ಹೊಸ .315 ಬೋಲ್ಟ್ ಆಕ್ಷನ್ (ಪ್ರತಿ ಈಡಿಗೂ ಕೈಯಿಂದ ಅಗುಳಿ ಎಳೆದು ತಳ್ಳುವ) ರೈಫಲ್ ತಗೊಳ್ಳೋಣ ಅಂತ ಯೋಚನೆ. ನಮ್ಮ ಭಾವ ಮೊಬೈಲಿನಲ್ಲಿ ವಿದೇಶಿ ರೈಫಲ್‌ಗಳ ವಿಡಿಯೋ ತೋರಿಸಿ, ತೇಲುವ ನಳಿಗೆ ಇರಬೇಕು, ಟ್ರಿಗರ್ ಹೊಂದಿಸಲು ಬರಬೇಕು, ಸಿಂಥೆಟಿಕ್ ಸ್ಟಾಕ್ (ಮರದ ಬದಲು ಪ್ಲಾಸ್ಟಿಕ್ ಹಿಡಿ) ಇರಬೇಕು ಅಂತಾರೆ. ಅಂಗಡಿಯವರು ಹಳೆಯ ವಿದೇಶಿ .30-06 ಒಂದನ್ನೂ ತೋರಿಸಿದರು, ಅದು ಹೊಸದಕ್ಕಿಂತ ದುಬಾರಿ. ಯಾವುದು ಬೆಲೆಗೆ ತಕ್ಕದ್ದು? ತಗೊಳ್ಳುವಾಗ ಏನೇನು ನೋಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಹೆಣೆದುಕೊಂಡಿವೆ. ಆ ರೈಫಲ್ ಒಳ್ಳೆಯದೇ ಎನ್ನುವುದು ಒಂದು, ನಿಮ್ಮ ತೋಟಕ್ಕೆ ರೈಫಲ್ ಹೊಂದುತ್ತದೆಯೇ ಎನ್ನುವುದು ಇನ್ನೊಂದು. ಅಂಗಡಿಯಲ್ಲಿ ಮೊದಲನೆಯದಕ್ಕೆ ಮಾತ್ರ ಉತ್ತರ ಸಿಗುತ್ತದೆ. ನಾನು ಎರಡನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ, ಯಾಕೆಂದರೆ ಅಲ್ಲಿ ‘ಬೇಡ’ ಎಂದಾದರೆ ನಳಿಗೆ ತೇಲಿದರೇನು, ಮುಳುಗಿದರೇನು.

ಲೈಸೆನ್ಸಿನಿಂದ ಶುರುಮಾಡೋಣ. 1959ರ ಆಯುಧ ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಗೆ ಹೇಳುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು, ಅಂದರೆ ನಿಮ್ಮ ಕೇಪಿನ ಕೋವಿಯಂಥದ್ದನ್ನು. ಅದು ಸಾಲದು ಎಂದು ಲೈಸೆನ್ಸ್ ಕೊಡುವ ಅಧಿಕಾರಿಗೆ ಮನವರಿಕೆಯಾದರೆ, ಕನಿಷ್ಠ 20 ಇಂಚು ಉದ್ದದ ನಯ ನಳಿಗೆಯ ಬೇರೆ ಕೋವಿಗೆ ಅನುಮತಿ ಕೊಡಬಹುದು. ನಿಮ್ಮ ಮನೆಯ ಎರಡು ಕೋವಿಗಳು ಕಾನೂನಿನ ಈ ಎರಡು ಮೆಟ್ಟಿಲುಗಳೇ. ರೈಫಲ್ ಅಂದರೆ ನಳಿಗೆಯ ಒಳಗೆ ತಿರುಚಿದ ಗೆರೆ ಕೊರೆದದ್ದು, ಅದು ಈ ಬಾಗಿಲಲ್ಲಿ ಒಳಗೆ ಬರುವುದಿಲ್ಲ. ಅದಕ್ಕೆ ಬೇರೆಯದೇ ತಕ್ಕ ಕಾರಣ ತೋರಿಸಿ ಜಿಲ್ಲಾಧಿಕಾರಿಗಳಿಂದ ಹೊಸದಾಗಿ ಮಂಜೂರು ಮಾಡಿಸಿಕೊಳ್ಳಬೇಕು. ‘ಜೋಡಿ ನಳಿಗೆ ಕೊಟ್ಟು ಅದೇ ಲೈಸೆನ್ಸಿನಲ್ಲಿ ರೈಫಲ್ ಬರೆಸಿದರಾಯಿತು’ ಎಂದು ಯಾರಾದರೂ ಹೇಳಿದ್ದರೆ, ಮುಂಗಡ ಕೊಡುವ ಮೊದಲು ಡಿ.ಸಿ. ಕಚೇರಿಯಲ್ಲಿ ಲಿಖಿತವಾಗಿ ಕೇಳಿ. 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ ಬಂದೂಕು. ವಂಶಪಾರಂಪರ್ಯವಾಗಿ ಬಂದದ್ದೂ ಆ ಎರಡರ ಲೆಕ್ಕದಲ್ಲೇ ಸೇರುತ್ತದೆ, ಆದ್ದರಿಂದ ಗೋಡೆಗೆ ತೂಗುಹಾಕಿದ ಕೇಪಿನ ಕೋವಿಯೂ ಒಂದು ಜಾಗ ಹಿಡಿದಿದೆ. ಕೊಡಗಿನವರಿಗೆ ಇರುವ ವಿನಾಯಿತಿ ನಮಗೂ ಉಂಟೇ ಎಂದು ಮಲೆನಾಡಿನವರು ಆಗಾಗ ಕೇಳುತ್ತಾರೆ. ಇಲ್ಲ. ಅದು ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಮಾತ್ರ.

ಇನ್ನು ಹಂದಿ ಮತ್ತು ಕಾಟಿಯ ಮಾತು. ಲೈಸೆನ್ಸ್ ಇದ್ದ ಮೇಲೆ ತೋಟಕ್ಕೆ ಬಂದದ್ದನ್ನು ಹೊಡೆಯಬಹುದು ಎಂಬ ನಂಬಿಕೆ ಊರೂರಲ್ಲಿ ಇದೆ. ಆಯುಧದ ಲೈಸೆನ್ಸ್ ಕೋವಿ ಇಟ್ಟುಕೊಳ್ಳಲು, ಪ್ರಾಣಿಯ ವಿಷಯಕ್ಕೆ 1972ರ ವನ್ಯಜೀವಿ ಕಾಯ್ದೆಯೇ ಬೇರೆ. ಕಾಟಿ ಮೊದಲ ಪರಿಶಿಷ್ಟದಲ್ಲಿದೆ. ಬೆಳೆ ತಿಂದಿತೆಂದು ಅದನ್ನು ಮುಟ್ಟುವ ಹಾಗೇ ಇಲ್ಲ. 2022ರ ತಿದ್ದುಪಡಿಯ ನಂತರ ಹಂದಿ ಎರಡನೆಯ ಪರಿಶಿಷ್ಟದಲ್ಲಿದೆ. ನಿಂತ ಬೆಳೆಗೆ ಅಪಾಯವೆಂದು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಕಾರಣ ಬರೆದು ಲಿಖಿತ ಆದೇಶ ಕೊಟ್ಟರೆ ಮಾತ್ರ ಹೊಡೆಯಲು ಬರುತ್ತದೆ. ಹಾಗೆ ಸತ್ತ ಪ್ರಾಣಿಯೂ ಸರ್ಕಾರದ ಆಸ್ತಿ. ಜೀವಕ್ಕೇ ಅಪಾಯ ಬಂದಾಗಿನ ಆತ್ಮರಕ್ಷಣೆ ಬೇರೆ ಮಾತು, ಅದನ್ನು ಕಾಯ್ದೆ ಅಪರಾಧವೆನ್ನುವುದಿಲ್ಲ. ಶಿವಮೊಗ್ಗಕ್ಕೂ ತೀರ್ಥಹಳ್ಳಿಗೂ ನಡುವೆ ಶೆಟ್ಟಿಹಳ್ಳಿ ಅಭಯಾರಣ್ಯ ಇದೆ ಎನ್ನುವುದೂ ನೆನಪಿರಲಿ. ಅನುಮತಿಯಿಲ್ಲದೆ ಆಯುಧ ಹಿಡಿದು ಅಭಯಾರಣ್ಯದ ಒಳಗೆ ಹೋಗುವುದೇ ತಪ್ಪು, ಈಡು ಹೊಡೆಯದಿದ್ದರೂ.

ಕಾನೂನನ್ನು ಆಚೆ ಇಡಿ. ಲಿಖಿತ ಆದೇಶ ಕೈಯಲ್ಲಿದೆ, ರೈಫಲಿಗೂ ಲೈಸೆನ್ಸ್ ಸಿಕ್ಕಿದೆ ಎಂದೇ ಇಟ್ಟುಕೊಳ್ಳೋಣ. ಆಗಲೂ ನಿಮ್ಮ ಜಾಗಕ್ಕೆ ರೈಫಲ್ ಬೇಡ ಎನ್ನುತ್ತೇನೆ. ಕಾರಣ ಹಳ್ಳದ ಆಚೆಗಿನ ಆ ಎರಡು ಮನೆ.

.315 ರೈಫಲಿನ ಗುಂಡು ಸುಮಾರು 16 ಗ್ರಾಂ ತೂಕದ್ದು, ನಳಿಗೆ ಬಿಡುವಾಗ ಸೆಕೆಂಡಿಗೆ 600 ಮೀಟರಿನ ಆಸುಪಾಸಿನಲ್ಲಿ ಹೋಗುತ್ತದೆ. ತಡೆ ಸಿಗದಿದ್ದರೆ ಎರಡು ಕಿಲೋಮೀಟರಿಗೂ ಆಚೆ ಬೀಳುತ್ತದೆ. .30-06 ಆದರೆ ಮೂರಕ್ಕೂ ಆಚೆ. ಗುಬ್ಬಿ ಗಾತ್ರದ್ದೆಂದು ಜನ ಹಗುರಾಗಿ ನೋಡುವ .22 ಕೂಡ ಒಂದೂವರೆ ಕಿಲೋಮೀಟರ್ ದಾಟಬಲ್ಲದು. ಹನ್ನೆರಡು ಬೋರಿನ ಸಣ್ಣ ಚರೆ ಮುನ್ನೂರು ಮೀಟರಿನೊಳಗೆ, ಎಸ್‌ಜಿಯಂಥ ದೊಡ್ಡ ಚರೆ ಆರೇಳು ನೂರು ಮೀಟರಿನೊಳಗೆ ಸೋತು ಬೀಳುತ್ತವೆ. ಬೆಳೆ ಕಾಯಲು ನಯ ನಳಿಗೆಯೇ ಇರಲಿ ಎಂದು ಕಾನೂನು ಹೇಳಿದ್ದರಲ್ಲಿ ಈ ಲೆಕ್ಕವೂ ಅಡಗಿದೆ.

ಬಯಲುಸೀಮೆಯಲ್ಲಿ ಅರ್ಧ ಮೈಲಿ ಕಣ್ಣಿಗೆ ಕಾಣುತ್ತದೆ. ಅಡಿಕೆ ತೋಟದಲ್ಲಿ ಕಾಣುವುದು ಮೂವತ್ತು, ನಲವತ್ತು ಮೀಟರ್. ಅದರಾಚೆ ಯಾರ ಮನೆ, ಯಾರು ಸೊಪ್ಪಿಗೆ ಹೋಗಿದ್ದಾರೆ, ಯಾರ ದನ ಮೇಯುತ್ತಿದೆ ಗೊತ್ತಾಗದು. ಅಡಿಕೆ ಮರದ ಕಾಂಡ ಗುಂಡು ತಡೆಯುವುದಿಲ್ಲ, ಅದರ ಗಟ್ಟಿ ಹೊರ ಪದರದ ಒಳಗೆ ಇರುವುದೆಲ್ಲ ಮೆತ್ತನೆಯ ನಾರು. ಹಂದಿಯ ಮೈಯನ್ನೂ ಈ ಗುಂಡು ತೂರಿ ಹೋಗಬಹುದು. ಗುಂಡನ್ನು ನಂಬಿಕೆಯಿಂದ ನುಂಗುವುದು ಮಣ್ಣಿನ ದರೆ ಮಾತ್ರ. ಅದೂ ಆಳೆತ್ತರ ಇದ್ದು, ನೇರಕ್ಕೆ ಎದುರಿಗಿದ್ದು, ಮುಖಕ್ಕೆ ಜಂಬಿಟ್ಟಿಗೆ ಕಲ್ಲು ಕಟ್ಟಿರದಿದ್ದರೆ. ಕಲ್ಲಿಗೆ ಓರೆಯಾಗಿ ತಾಗಿದ ಗುಂಡು ಎತ್ತ ಚಿಮ್ಮುತ್ತದೆಂದು ಹೇಳಲಾಗದು. ನೀರು ನಿಂತ ಗದ್ದೆಯೂ ಹಾಗೆಯೇ: ತಗ್ಗಿನ ಕೋನದಲ್ಲಿ ಹೊಡೆದ ಗುಂಡು ಮಕ್ಕಳು ಕೆರೆಗೆ ಬೀಸಿದ ಚಪ್ಪಟೆ ಕಲ್ಲಿನಂತೆ ಎದ್ದು ಹಾರುತ್ತದೆ. ನಿಮ್ಮ ಗದ್ದೆಯಿಂದ ಮೇಲೆ ಕಾನಿನ ಕಡೆಗೆ ಗುರಿ ಹಿಡಿದರೆ ಏರಿನ ಅಂಚು ತಪ್ಪಿದ ಗುಂಡು ಗುಡ್ಡ ದಾಟಿ ಪಕ್ಕದ ಊರಿಗೆ ಇಳಿಯುತ್ತದೆ. ಮಾಳದ (ಕಾವಲು ಅಟ್ಟಣಿಗೆಯ) ಮೇಲಿಂದ ಕೆಳಕ್ಕೆ ಹೊಡೆದಾಗ ನೆಲವೇ ತಡೆಯಾಗುತ್ತದೆ ನಿಜ. ಆದರೆ ಆ ಲಾಭ ಮಾಳದ್ದು, ರೈಫಲಿನದಲ್ಲ. ಜೋಡಿ ನಳಿಗೆಗೂ ಅದು ಅಷ್ಟೇ ಸಿಗುತ್ತದೆ.

ಇಷ್ಟರ ಮೇಲೂ ನಿಮಗೆ ರೈಫಲ್ ಬೇಕೆನಿಸುತ್ತಿದ್ದರೆ, ಗುರಿ ಅಭ್ಯಾಸದ ಆಸೆ ಇರಬಹುದು. ಅದು ಒಳ್ಳೆಯ ಕಾರಣವೇ. ಆಯುಧ ಕಾಯ್ದೆಯ ಅದೇ 13ನೇ ಸೆಕ್ಷನ್ ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರಿಗೆ .22 ರೈಫಲಿನ ದಾರಿಯನ್ನು ಬೇರೆಯಾಗಿ ಹೇಳುತ್ತದೆ. ಹೊಸಬರಿಗೆ .315ಕ್ಕಿಂತ ಅದು ಎಷ್ಟೋ ಮೇಲು: ತೋಟೆ ಅಗ್ಗ, ಒದೆತ ಇಲ್ಲವೆನ್ನುವಷ್ಟು ಕಡಿಮೆ, ದಿನಕ್ಕೆ ಐವತ್ತು ಹೊಡೆದರೂ ಭುಜ ನೋಯದು.

ಈಗ ನಿಮ್ಮ ಭಾವನವರ ಪಟ್ಟಿಗೆ ಬರೋಣ. ಅವರು ನೋಡಿದ ವಿಡಿಯೋಗಳು ಸುಳ್ಳು ಹೇಳುತ್ತಿಲ್ಲ, ಬೇರೆ ದೇಶದ ಬೇಟೆಯವರಿಗೆ ಹೇಳುತ್ತಿವೆ. ಅಲ್ಲಿನ ಹೊಸ ರೈಫಲ್‌ಗಳು ನಮ್ಮ ಸಾಮಾನ್ಯ ಲೈಸೆನ್ಸುದಾರರಿಗೆ ಅಂಗಡಿಯಲ್ಲಿ ಸಿಗುವುದೂ ಇಲ್ಲ. ಆದರೂ ಒಂದೊಂದು ಗುಣಕ್ಕೆ ಎಷ್ಟು ಬೆಲೆ ಕಟ್ಟಬಹುದು ಎಂದು ತಿಳಿದಿರಲಿ.

ಅಲ್ಲಿ ಎಲ್ಲರೂ ಕೂಗಿ ಹೇಳುವುದು ‘ಒಂದು ಮಿನಿಟ್’ ನಿಖರತೆಯನ್ನು. ಇಲ್ಲಿ ಮಿನಿಟ್ ಅಂದರೆ ಕೋನದ ಅಳತೆ, 100 ಮೀಟರಿನಲ್ಲಿ 29 ಮಿ.ಮೀ. ಅಗಲ. ಒಂದು ಮಿನಿಟ್ ರೈಫಲ್ 40 ಮೀಟರಿನಲ್ಲಿ ಗುಂಡುಗಳನ್ನು ಸುಮಾರು 12 ಮಿ.ಮೀ. ಒಳಗೆ ಇಡುತ್ತದೆ, ನಾಲ್ಕು ಮಿನಿಟ್ ರೈಫಲ್ 47 ಮಿ.ಮೀ. ಒಳಗೆ. ತೋಟದ ದೂರದಲ್ಲಿ ಈ ವ್ಯತ್ಯಾಸ ನಿಮ್ಮ ಕೈ ನಡುಕದಲ್ಲೇ ಮುಚ್ಚಿಹೋಗುತ್ತದೆ. ಅದೂ ಆ ಜಾಹೀರಾತಿನ ಗುಂಪು ಮೂರು ಗುಂಡಿನದಾಗಿರುತ್ತದೆ. ಐದೋ ಹತ್ತೋ ಹೊಡೆದರೆ ಅದೇ ರೈಫಲ್ ಹೆಚ್ಚು ಅಗಲಕ್ಕೆ ಚೆಲ್ಲುತ್ತದೆ. ತೆರೆದ ಸೈಟಿನ (ದುರ್ಬೀನಿಲ್ಲದೆ ಬರೀ ಕಣ್ಣಿನಿಂದ ಗುರಿ ಹಿಡಿಯುವ) .315 ನೂರು ಮೀಟರಿನಲ್ಲಿ ಐದು ಗುಂಡನ್ನು ಅಂಗೈ ಅಗಲದೊಳಗೆ ಹಾಕಿದರೆ ಅದು ತನ್ನ ಕೆಲಸ ಮಾಡಿದೆ ಎಂದೇ ನಾನು ಲೆಕ್ಕ ಹಾಕುತ್ತೇನೆ.

ತೇಲುವ ನಳಿಗೆ ಅಂದರೆ ಸ್ಟಾಕಿನ ಮುಂಭಾಗ ನಳಿಗೆಗೆ ಎಲ್ಲೂ ತಾಗದಿರುವುದು. ಭಾವನವರ ಪಟ್ಟಿಯಲ್ಲಿ ಮಲೆನಾಡಿಗೆ ನಿಜವಾಗಿ ಸಂಬಂಧಪಟ್ಟದ್ದು ಇದು. ಮರ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳುತ್ತದೆ, ನಿಮ್ಮಲ್ಲಿ ಅದಕ್ಕಿಂತ ಕಡಿಮೆ ಇದ್ದೀತು. ಏಪ್ರಿಲಿನಲ್ಲಿ ಸರಿಯಿದ್ದ ಗುರಿ ಆಗಸ್ಟಿನಲ್ಲಿ ಎಡಕ್ಕೋ ಮೇಲಕ್ಕೋ ಸರಿದಿದ್ದರೆ, ಮೊದಲ ಗುಮಾನಿ ಉಬ್ಬಿದ ಮರದ ಮೇಲೆ ಇರಲಿ. ಮರ ನಳಿಗೆಗೆ ತಾಗುವುದೇ ದೋಷ ಅಂತಲ್ಲ. ಹಳೆಯ ಲೀ-ಎನ್‌ಫೀಲ್ಡ್ (ಬ್ರಿಟಿಷ್ ಸೇನೆಯ ರೈಫಲ್) ಜಾತಿಯಲ್ಲಿ ಬೇಕೆಂದೇ ಒತ್ತಿ ಕೂರಿಸುತ್ತಿದ್ದರು. ಒತ್ತಡ ಋತುವಿನಿಂದ ಋತುವಿಗೆ ಬದಲಾಗುವುದು ತೊಂದರೆ. ಸಿಂಥೆಟಿಕ್ ಸ್ಟಾಕಿಗೆ ಈ ಕಾಟ ಇಲ್ಲ, ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ನಷ್ಟವಿಲ್ಲ. ಆದರೆ ಅಗ್ಗದ ಪ್ಲಾಸ್ಟಿಕ್ ಸ್ಟಾಕಿನ ಮುಂಭಾಗ ಎಷ್ಟು ಬಳುಕುತ್ತದೆಂದರೆ, ಕೈಯಲ್ಲಿ ಹಿಂಡಿದರೆ ಹೋಗಿ ನಳಿಗೆಗೆ ತಾಗುತ್ತದೆ. ಅಂಥದ್ದಕ್ಕಿಂತ ಎಣ್ಣೆ ಕುಡಿಸಿದ ಗಟ್ಟಿ ಮರವೇ ವಾಸಿ.

ಹೊಂದಿಸುವ ಟ್ರಿಗರ್ ಗುರಿ ಮೈದಾನದಲ್ಲಿ ಸುಖ, ಕೆಸರಿನಲ್ಲಿ ಕಿರುಕುಳ. ಎಳೆತವನ್ನು ಒಂದು ಕಿಲೋದ ಕೆಳಗೆ ಇಳಿಸಿದ ಟ್ರಿಗರಿಗೆ ಧೂಳು, ಗಟ್ಟಿಯಾದ ಎಣ್ಣೆ ಸೇರಿದರೆ ಕೊಕ್ಕೆ ಪೂರ್ತಿ ಕೂರದೆ, ಏಟು ಬಿದ್ದಾಗ ತಾನೇ ಜಾರಬಹುದು. ಎರಡು ಹಂತದ ಭಾರದ ಟ್ರಿಗರ್ ಹಳೆಯ ಕಾಲದ್ದು ಎನಿಸಬಹುದು, ನಂಬಿಕೆಗೆ ಅದೇ ಆಗಬೇಕು. ಬಾಯಿಗೆ ತಿರುಪು ಕೊರೆದ ನಳಿಗೆ ಅಲ್ಲಿ ಸದ್ದಡಗಿಸುವ ಕೊಳವೆ ಕೂರಿಸಲು. ಸದ್ದು ಅಥವಾ ಬೆಂಕಿಯ ಮಿಂಚು ಕುಗ್ಗಿಸುವ ಸಾಧನ ಇಲ್ಲಿ ನಿಷಿದ್ಧ, ಆದ್ದರಿಂದ ಆ ತಿರುಪಿಗೆ ಒಂದು ಪೈಸೆಯೂ ಕೊಡಬೇಕಿಲ್ಲ. ಕಳಚುವ ಮ್ಯಾಗಜಿನ್ (ತೋಟೆ ತುಂಬುವ ಡಬ್ಬಿ) ಬಗ್ಗೆ ಹೇಳುವುದು ಇಷ್ಟೇ: ಕಳೆದುಹೋದರೆ ಬದಲಿ ಸಿಗುತ್ತದೆಯೇ ಕೇಳಿ.

ಇನ್ನು .315. ಇದರ ಹುಟ್ಟಿನಲ್ಲಿಯೇ ನಮ್ಮ ದೇಶದ ಕಾನೂನಿನ ಕಥೆ ಇದೆ. ಸೇನೆ ಬಳಸುವ .303 ತೋಟೆ ಜನರ ಕೈಗೆ ಹೋಗಬಾರದೆಂದು ಬ್ರಿಟಿಷರು ತಡೆದರು. ಹಾಗಾಗಿ ಆಸ್ಟ್ರಿಯಾದ ಹಳೆಯ 8x50 ಮಿ.ಮೀ. ಮ್ಯಾನ್‌ಲಿಕರ್ ತೋಟೆಯನ್ನು ಲೀ-ಎನ್‌ಫೀಲ್ಡಿನ ಬೋಲ್ಟಿಗೆ ಹೊಂದಿಸಿದ ರೈಫಲ್ ಬಂತು. ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ ಅದನ್ನು ಮಾಡುತ್ತ ಬಂದಿದೆ. 2021ರ ಅಕ್ಟೋಬರಿನಲ್ಲಿ ಆರ್ಡ್‌ನನ್ಸ್ ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ಹಂಚಿದ ಮೇಲೆ ರೈಫಲ್ ಒಂದು ಕಂಪನಿಯದು, ತೋಟೆ ಇನ್ನೊಂದರದು. ಬಿಲ್ಲಿನಲ್ಲಿ ಹೊಸ ಹೆಸರು ಕಂಡು ನಕಲಿ ಎಂದು ಗಾಬರಿಯಾಗಬೇಡಿ.

ಲೀ-ಎನ್‌ಫೀಲ್ಡ್ ಬೋಲ್ಟಿನ ಗುಣ ವೇಗ: ಹಿಡಿಯನ್ನು ಎತ್ತಬೇಕಾದದ್ದು ಅರವತ್ತು ಡಿಗ್ರಿ ಮಾತ್ರ, ಜರ್ಮನಿಯ ಮೌಸರ್ ಜಾತಿಯ ಬೋಲ್ಟಿಗೆ ತೊಂಬತ್ತು. ಮುಚ್ಚುವಾಗ ಕೊನೆಯ ಒಂದಿಂಚಿನಲ್ಲಿ ಬಿಗಿಯಾಗುತ್ತದೆ. ಅದು ದೋಷವಲ್ಲ, ಸ್ಪ್ರಿಂಗ್ ಆಗ ಕಟ್ಟಿಕೊಳ್ಳುತ್ತದೆ. ಬೀಗದ ಹಲ್ಲುಗಳು ಬೋಲ್ಟಿನ ಹಿಂಭಾಗದಲ್ಲಿರುವುದರಿಂದ ಅತಿ ಒತ್ತಡದ ತೋಟೆಗೆ ಇದು ಹೇಳಿ ಮಾಡಿಸಿದ್ದಲ್ಲ. .315ರ ಒತ್ತಡ ಮಿತವಾದ್ದರಿಂದ ಜೋಡಿ ಸರಿಯಾಗಿದೆ. ತೋಟೆಯ ಬುಡಕ್ಕೆ ಅಂಚು ಇದೆ. ಮ್ಯಾಗಜಿನಿಗೆ ತುಂಬುವಾಗ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಬಿದ್ದರೆ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಬೋಲ್ಟ್ ಅರ್ಧಕ್ಕೇ ನಿಲ್ಲುತ್ತದೆ. ‘ರೈಫಲ್ ಜಾಮ್ ಆಗುತ್ತೆ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ.

ಕೌಂಟರಿನಲ್ಲಿ ಏನು ನೋಡಬೇಕು ಎಂದಿರಿ. ಹೊಸದು ಎಂಬ ಮಾತಿಗೆ ಸುಮ್ಮನಾಗದೆ ಅರ್ಧ ಗಂಟೆ ಕೊಡಿ. ಮೊದಲು ಬೋಲ್ಟ್ ತೆರೆದು ತೋಟೆ ಕೂರುವ ಚೇಂಬರನ್ನೂ ಮ್ಯಾಗಜಿನನ್ನೂ ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ಖಾಲಿ ಎಂದು ಖಚಿತವಾಗಲಿ.

ಬೋಲ್ಟಿನ ಮೇಲಿನ ನಂಬರ್ ಮತ್ತು ರೈಫಲಿನ ಮೈಮೇಲಿನ ನಂಬರ್ ಒಂದೇ ಇರಬೇಕು, ಬಿಲ್ಲಿನಲ್ಲೂ ಅದೇ. ಇದು ಬರೀ ಕಾಗದದ ಶಿಸ್ತಲ್ಲ. ಈ ಜಾತಿಯಲ್ಲಿ ಬೋಲ್ಟಿನ ತಲೆ ಬೇರೆ ಭಾಗ, ತಿರುಪಿನಲ್ಲಿ ತಿರುಗಿಸಿ ಕೂರಿಸಿದ್ದು. ಬೋಲ್ಟ್ ಅದಲುಬದಲಾದರೆ ಬೋಲ್ಟಿನ ಮುಖಕ್ಕೂ ತೋಟೆಯ ಬುಡಕ್ಕೂ ನಡುವಿನ ಸಂದು ಬದಲಾಗುತ್ತದೆ. ಸಂದು ಹೆಚ್ಚಾದರೆ ಸಿಡಿದಾಗ ಹಿತ್ತಾಳೆ ತೋಟೆ ಉದ್ದಕ್ಕೆ ಎಳೆದು, ಅಂಚಿನ ಸ್ವಲ್ಪ ಮೇಲೆ ಹರಿಯುತ್ತದೆ. ಹರಿದರೆ ಬಿಸಿ ಗಾಳಿ ಹಿಂದಕ್ಕೆ, ಮುಖದ ಕಡೆಗೆ ಬರುತ್ತದೆ. ಇದನ್ನು ಗೇಜ್ ಹಾಕಿ ಅಳೆಯಿಸಿ. ಗೇಜ್ ಇಲ್ಲವೆಂದರೆ, ಮುಂದೆ ಹೊಡೆದ ಮೊದಲ ಐದು ಖಾಲಿ ತೋಟೆಗಳನ್ನು ಬಿಸಾಡದೆ ನೋಡಿ. ಬುಡದಿಂದ ಅರ್ಧ ಬೆರಳು ಮೇಲೆ ಸುತ್ತಲೂ ಹೊಳೆಯುವ ಉಂಗುರ ಕಂಡರೆ ಆ ರೈಫಲನ್ನು ಕೆಳಗಿಟ್ಟು ಅರ್ಮರರ್ (ಕೋವಿ ರಿಪೇರಿಯವರ) ಹತ್ತಿರ ಒಯ್ಯಿರಿ. ಗುರಿ ಮೈದಾನದಲ್ಲಿ ಕಣ್ಣಿಗೆ ಕನ್ನಡಕ ಕಡ್ಡಾಯ ಎನ್ನುವುದಕ್ಕೆ ಕಾರಣವೂ ಇದೇ.

ಬೋಲ್ಟ್ ತೆಗೆದು ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ. ಗೆರೆಗಳ ಅಂಚು ಚೂಪಾಗಿ, ಉದ್ದಕ್ಕೂ ಒಂದೇ ಹೊಳಪಿನಲ್ಲಿ ಕಾಣಬೇಕು. ನಡುವೆ ಕಪ್ಪು ಉಂಗುರ ಕಂಡರೆ ಒಳಗೆ ಉಬ್ಬು ಇರಬಹುದು. ನಳಿಗೆಯ ಬಾಯಿಯ ಅಂಚನ್ನು ಟಾರ್ಚಿನಲ್ಲಿ ನೋಡಿ, ಗುಂಡು ಕೊನೆಯದಾಗಿ ಮುಟ್ಟುವ ಜಾಗ ಅದು. ಅಲ್ಲಿ ಒಂದು ಸಣ್ಣ ಕಚ್ಚು ಇದ್ದರೂ ಗುಂಡು ಹೊರಡುವಾಗ ಓರೆಯಾಗುತ್ತದೆ. ಮುಂದಿನ ಸೈಟ್ ನೆಟ್ಟಗಿದೆಯೇ, ಹಿಂದಿನದರ ಕಚ್ಚು ನಡುವಿಗಿದೆಯೇ ನೋಡಿ. ಮರ ಮತ್ತು ನಳಿಗೆಯ ನಡುವೆ ಒಂದು ಕಾಗದದ ಪಟ್ಟಿ ಎಳೆದು, ತಾಗಿದೆಯೇ, ಎಲ್ಲಿ ತಾಗಿದೆ ಎಂದು ಗುರುತು ಮಾಡಿಕೊಳ್ಳಿ. ಒಂದೇ ಬದಿಗೆ ಒತ್ತಿದ್ದರೆ ಬೇರೆ ರೈಫಲ್ ಕೇಳಿ.

ಅಂಗಡಿಯವರ ಒಪ್ಪಿಗೆ ಪಡೆದು, ಖಾಲಿ ಎಂದು ಮತ್ತೊಮ್ಮೆ ನೋಡಿ, ಬೋಲ್ಟ್ ಮುಚ್ಚಿ, ಸ್ಟಾಕಿನ ಬುಡವನ್ನು ರಬ್ಬರ್ ಹಾಸಿನ ಮೇಲೆ ಒಂದು ಗೇಣು ಎತ್ತರದಿಂದ ಕುಟ್ಟಿ. ಕುದುರೆ, ಅಂದರೆ ತೋಟೆಗೆ ಬಡಿಯುವ ಭಾಗ, ಜಾರಬಾರದು. ಸೇಫ್ಟಿ ಹಾಕಿ ಟ್ರಿಗರ್ ಬಲವಾಗಿ ಎಳೆದು ಬಿಡಿ, ಆಮೇಲೆ ಟ್ರಿಗರ್ ಮುಟ್ಟದೆ ಸೇಫ್ಟಿ ತೆಗೆಯಿರಿ. ಆಗಲೂ ಜಾರಬಾರದು. ಸೇಫ್ಟಿ ಹಾಕಿದಾಗ ಬೋಲ್ಟೂ ಬೀಗವಾಗುತ್ತದೆಯೇ ನೋಡಿ. ಆಗದಿದ್ದರೆ ಲಂಟಾನ ಪೊದೆಯಲ್ಲಿ ನುಗ್ಗುವಾಗ ಕಡ್ಡಿಗೆ ಸಿಕ್ಕಿ ಬೋಲ್ಟ್ ತೆರೆದುಕೊಳ್ಳುತ್ತದೆ. ಕೊನೆಗೆ ಮದ್ದಿಲ್ಲದ ಡಮ್ಮಿ ತೋಟೆ ಐದನ್ನು ತುಂಬಿ, ನಿಧಾನಕ್ಕೊಮ್ಮೆ ಜೋರಾಗೊಮ್ಮೆ ತಳ್ಳಿ ಹೊರಹಾಕಿ. ನಿಧಾನಕ್ಕೆ ಎಳೆದಾಗಲೂ ತೋಟೆ ಹೊರಗೆ ಬಿದ್ದರೆ ಎಕ್ಸ್‌ಟ್ರಾಕ್ಟರ್ (ತೋಟೆ ಹಿಡಿದೆಳೆಯುವ ಉಗುರು) ಗಟ್ಟಿ.

ಹಳೆಯ .30-06 ಬಗ್ಗೆ ನನ್ನ ಅಭಿಪ್ರಾಯ ಚುಟುಕು. ಮೌಸರ್ ಜಾತಿಯ ಒಳ್ಳೆಯ ವಿದೇಶಿ ಬೋಲ್ಟ್, ಮುಂದೆ ಎರಡು ಬೀಗದ ಹಲ್ಲು, ತೋಟೆಯನ್ನು ಮೊದಲಿಂದಲೇ ಹಿಡಿದುಕೊಂಡು ಒಳಗೆ ಒಯ್ಯುವ ಉಗುರು: ಯಂತ್ರವಾಗಿ ನೋಡಿದರೆ .315ಕ್ಕಿಂತ ಒಂದು ಕೈ ಮೇಲು. ಆದರೆ ಅದಕ್ಕೆ ಅಷ್ಟು ಬೆಲೆ ಇರುವುದು ಹೊಸದು ಬರುವುದಿಲ್ಲ ಎಂಬ ಕಾರಣಕ್ಕೆ. ಆ ದುಡ್ಡಿನಲ್ಲಿ ಬಹುಪಾಲು ಅಭಾವದ ಬೆಲೆ. ಮೊದಲಿನವರು ಹಳೆಯ ತೋಟೆ ಹೊಡೆದು ಬರೀ ಎಣ್ಣೆ ಒರೆಸಿ ಇಟ್ಟಿದ್ದರೆ ನಳಿಗೆಯೊಳಗೆ ಗುಳಿ ಬಿದ್ದಿರುತ್ತದೆ. ಆ ಕಾಲದ ಕ್ಯಾಪಿನ ರಾಸಾಯನಿಕ ಸುಟ್ಟ ಮೇಲೆ ಉಪ್ಪು ಉಳಿಸುತ್ತಿತ್ತು, ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಬಿಸಿ ನೀರಿನಲ್ಲಿ ಕರಗುತ್ತದೆ. ಸ್ಕೋಪ್ ಕೂರಿಸಲು ಹೊಸದಾಗಿ ತೂತು ಕೊರೆದಿದ್ದರೆ, ವೆಲ್ಡಿನ ಗುರುತಿದ್ದರೆ, ನಂಬರ್ ಉಜ್ಜಿದಂತಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಬೆಲೆ ಅಂದಾಗ ಜನ ರೈಫಲಿನ ಬೆಲೆ ಕೇಳುತ್ತಾರೆ, ತೋಟೆಯದನ್ನು ಕೇಳುವುದಿಲ್ಲ. ಹೊಸ ರೈಫಲ್ ಗುರಿಗೆ ಕೂರಿಸಲು ಹತ್ತು ಹದಿನೈದು ತೋಟೆ ಬೇಕು. ಮಳೆಗಾಲದ ಮೊದಲೊಮ್ಮೆ, ಆಮೇಲೊಮ್ಮೆ ಪರೀಕ್ಷೆಗೆ ಐದೈದು. ಲೈಸೆನ್ಸಿನಲ್ಲಿ ವರ್ಷಕ್ಕೆ ಬರೆದ ತೋಟೆಯಲ್ಲಿ ಇದನ್ನು ಕಳೆದರೆ ಎಷ್ಟು ಉಳಿಯುತ್ತದೆ ಲೆಕ್ಕ ಹಾಕಿ. ಗುರಿ ಕೂರಿಸುವುದನ್ನು ತೋಟದಲ್ಲಿ ಮಾಡುವ ಹಾಗಿಲ್ಲ, ಮಾನ್ಯತೆಯ ರೇಂಜ್ (ಗುರಿ ಮೈದಾನ) ಬೇಕು. ರೇಂಜಿನಲ್ಲಿಯೂ ದೊಡ್ಡ ಬೋರಿಗೆ ಅವಕಾಶ ಉಂಟೇ ಎಂದು ಮೊದಲೇ ಕೇಳಿಕೊಳ್ಳಿ, ಎಷ್ಟೋ ಕಡೆ .22 ಮತ್ತು ಏರ್ ರೈಫಲಿಗಷ್ಟೇ ವ್ಯವಸ್ಥೆ ಇರುತ್ತದೆ. ಗುರಿ ಕೂರಿಸಲಾಗದ ರೈಫಲ್ ಎಷ್ಟು ಬೆಲೆಯದಾದರೂ ದೊಣ್ಣೆಗೆ ಸಮ.

ಮಳೆಗಾಲದ ಜೋಪಾನ ಯಾವ ಕೋವಿಗೂ ಒಂದೇ. ಚರ್ಮದ ಚೀಲದಲ್ಲಾಗಲಿ ಸ್ಪಂಜಿನ ಚೀಲದಲ್ಲಾಗಲಿ ಇಟ್ಟರೆ ಅದು ತೇವ ಹಿಡಿದು ತಿಂಗಳೊಳಗೆ ತುಕ್ಕು ಎಬ್ಬಿಸುತ್ತದೆ. ಬೀಗದ ಕಬ್ಬಿಣದ ಬೀರುವಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಾಯಿ ಕೆಳಗಾಗಿ ನಿಲ್ಲಿಸಿ. ಆಗ ಹೆಚ್ಚಾದ ಎಣ್ಣೆ ಮರಕ್ಕೆ ಇಳಿಯುವುದಿಲ್ಲ. ತೋಟೆ ಬೇರೆ ಬೀಗದಲ್ಲಿರಲಿ. ಹೊಡೆಯುವ ಮೊದಲು ನಳಿಗೆಯ ಎಣ್ಣೆ ಒಣ ಬಟ್ಟೆಯಲ್ಲಿ ಒರೆಸಿ, ಪ್ರತಿ ಸಲವೂ ಆಚೆ ಕಡೆ ಬೆಳಕು ಕಾಣುತ್ತದೆಯೇ ನೋಡಿ. ಕುಂಬಾರ ಹುಳ ಒಂದೇ ಮಧ್ಯಾಹ್ನದಲ್ಲಿ ನಳಿಗೆಯೊಳಗೆ ಮಣ್ಣಿನ ಗೂಡು ಕಟ್ಟಬಲ್ಲದು, ಅದರ ಹಿಂದೆ ಗುಂಡು ಬಿಟ್ಟರೆ ನಳಿಗೆ ಸೀಳುತ್ತದೆ. ಚುನಾವಣೆ ಬಂದರೆ ಕೋವಿ ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಒಪ್ಪಿಸಬೇಕಾದೀತು. ವಿನಾಯಿತಿ ಬೇಕಿದ್ದರೆ ಜಿಲ್ಲೆಯ ಪರಿಶೀಲನಾ ಸಮಿತಿಗೆ ಅರ್ಜಿ ಹಾಕಬಹುದು. ಒಪ್ಪಿಸುವುದಾದರೆ ಗ್ರೀಸ್ ಬಳಿದು ಒಪ್ಪಿಸಿ, ರಸೀದಿಯಲ್ಲಿ ನಂಬರ್ ಬರೆಸಿಕೊಳ್ಳಿ.

ಹಾಗಾದರೆ ಏನು ಮಾಡುವುದು? ಕೈಯಲ್ಲಿರುವ ದುಡ್ಡಿನ ದೊಡ್ಡ ಪಾಲು ಗದ್ದೆ ಸುತ್ತಿನ ಸೋಲಾರ್ ಬೇಲಿಗೆ ಹೋಗಲಿ. ಹಂದಿಗೆ ಕೆಳಗಿನ ತಂತಿ ನೆಲದಿಂದ ಒಂದು ಗೇಣಿಗಿಂತ ಮೇಲೆ ಇರಬಾರದು. ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿದರೆ ಶಕ್ತಿಯೆಲ್ಲ ನೆಲಕ್ಕೆ ಸೋರುತ್ತದೆ, ಹದಿನೈದು ದಿನಕ್ಕೊಮ್ಮೆ ಸವರಲೇಬೇಕು. ಕಾಟಿ ಮೈಭಾರದಿಂದಲೇ ಬೇಲಿ ಮುರಿಯಬಲ್ಲದು, ಅದಕ್ಕೆ ಇದು ಪೂರ್ತಿ ಪರಿಹಾರವಲ್ಲ, ಬೆಳೆ ನಷ್ಟಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಹಾಕುವುದು ತಪ್ಪಿಸಬೇಡಿ. ಮನೆ ಕರೆಂಟನ್ನು ನೇರ ತಂತಿಗೆ ಕೊಡುವುದು ಮಾತ್ರ ಎಂದೂ ಬೇಡ. ಅದು ಬಡಿದು ಬಿಡುವುದಿಲ್ಲ, ಹಿಡಿದುಕೊಳ್ಳುತ್ತದೆ, ಸಾಯುವುದು ಪಕ್ಕದ ಮನೆಯ ಕೆಲಸದಾಳೂ ಆಗಬಹುದು.

ಜೋಡಿ ನಳಿಗೆಯನ್ನು ಮಾರಬೇಡಿ. ಮಾರುವುದಾದರೆ ಜಿಲ್ಲಾಧಿಕಾರಿಗಳಿಗೋ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು ಎನ್ನುವುದು ಗೊತ್ತಿರಲಿ. ಮಾರುವ ಬದಲು ಅದನ್ನು ಅರ್ಮರರ್‌ಗೆ ತೋರಿಸಿ. ಮುಂಗೈ ಮರ ಕಳಚಿ, ನಳಿಗೆ ಮುಚ್ಚಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಟಕ್ ಎನ್ನಬಾರದು. ಎಂದರೆ ಕೀಲು ಸವೆದಿದೆ, ಅದನ್ನು ತುಂಬಿಸಿ ಬಿಗಿ ಮಾಡಿಸಬಹುದು. ಚೇಂಬರಿನ ಉದ್ದ ಅಳೆಸಿ. ಹಳೆಯ ಕೋವಿಗಳು 65 ಮಿ.ಮೀ. ತೋಟೆಗೆ ಕೊರೆದವು, ಈಗ ಸಿಗುವವು ಬಹಳಷ್ಟು 70. ಉದ್ದದ ತೋಟೆ ಒಳಗೇನೋ ಹೋಗುತ್ತದೆ, ಯಾಕೆಂದರೆ ಮಡಿಚಿದ ಬಾಯಿ ಬಿಚ್ಚುವುದು ಸಿಡಿದಾಗ. ಆಗ ಬಾಯಿಗೆ ಜಾಗ ಸಾಲದೆ ಒತ್ತಡ ಏರುತ್ತದೆ. ತೋಟೆಯ ಡಬ್ಬಿಯ ಮೇಲೆ ಬರೆದ ಅಳತೆ ಸಿಡಿದ ಮೇಲಿನ ಉದ್ದ ಎಂದು ತಿಳಿಯಿರಿ. ನಳಿಗೆಯ ಮೈಯಲ್ಲಿ ನೂಲು ಸುತ್ತಿದಂಥ ವಿನ್ಯಾಸ ಕಂಡರೆ ಅದು ಡಮಾಸ್ಕಸ್ ನಳಿಗೆ, ಈಗಿನ ಮದ್ದಿಗೆ ಆಗದು, ಗೋಡೆಗೇ ಸರಿ.

ಸರಿಯಿದೆ ಎಂದಾದರೆ ರೇಂಜಿಗೆ ಒಯ್ದು, 75 ಸೆಂ.ಮೀ. ವೃತ್ತ ಬರೆದ ಕಾಗದಕ್ಕೆ ಎರಡೂ ನಳಿಗೆಯಿಂದ ಬೇರೆ ಬೇರೆಯಾಗಿ, 20 ಮೀಟರಿನಿಂದ ಒಮ್ಮೆ, 35 ಮೀಟರಿನಿಂದ ಒಮ್ಮೆ ಹೊಡೆದು ನೋಡಿ. ಯಾವ ದೂರದಲ್ಲಿ ಚರೆ ವೃತ್ತದ ಹೊರಗೆ ಚೆಲ್ಲಲು ಶುರುವಾಯಿತೋ ಅದನ್ನು ಕಾಗದದ ಮೇಲೇ ಬರೆದು, ಎಡ ನಳಿಗೆ ಬಲ ನಳಿಗೆ ಎಂದು ಗುರುತಿಸಿ, ಬೀರುವಿನ ಬಾಗಿಲಿನ ಒಳಗೆ ಅಂಟಿಸಿಕೊಳ್ಳಿ.